ತಾಲ್ಲೂಕಿನ ಪ್ರತಿನಿಧಿ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮತಾಧಿಕಾರದ ಚರಿತ್ರೆ

ಹಳೆಯ ಮೈಸೂರು ಸೀಮೆಯಲ್ಲಿ ಚುನಾವಣೆಯ ಚರಿತ್ರೆಯನ್ನು 1952ರ ಮೊದಲ ಮಹಾಚುನಾವಣೆಯಿಂದ ಆರಂಭಿಸುವುದು ರೂಢಿಯಾಗಿದ್ದರೂ, ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ತಾಲ್ಲೂಕುಗಳ ಮಟ್ಟಿಗೆ ಆ ಚರಿತ್ರೆಗೆ ಅದಕ್ಕಿಂತ 70 ವರ್ಷಗಳಷ್ಟು ಹಿಂದಿನ ಬೇರುಗಳಿವೆ. ಇಲ್ಲಿ ಪ್ರಾತಿನಿಧ್ಯ, ಅಂದರೆ ಹಲವರ ಪರವಾಗಿ ಒಬ್ಬನು ಸರ್ಕಾರದ ಮುಂದೆ ನಿಂತು ಮಾತನಾಡುವ ಏರ್ಪಾಡು, ಮೊದಲು ಬಂದಿತು. ಆ ಒಬ್ಬನನ್ನು ಆರಿಸುವ ಹಕ್ಕು ಅನಂತರ ಬಂದಿತು. ಆರಿಸಿದವನ ಕೈಗೆ ನಿಜವಾದ ಅಧಿಕಾರ ಬಂದದ್ದು ಎಲ್ಲಕ್ಕಿಂತ ತಡವಾಗಿ. ಈ ಮೂರೂ ಒಟ್ಟಿಗೆ ಬಾರದೆ ಒಂದರ ಹಿಂದೊಂದು ಬಂದುದರಿಂದ, ಪ್ರತಿನಿಧಿ ಎಂದರೆ ಕಾನೂನು ಮಾಡುವವನು ಎನ್ನುವುದಕ್ಕಿಂತ ತಾಲ್ಲೂಕಿನ ಅಹವಾಲನ್ನು ಹೊತ್ತು ಒಯ್ಯುವವನು ಎಂಬ ಭಾವನೆ ಈ ಸೀಮೆಯ ರಾಜಕೀಯದಲ್ಲಿ ಆಳವಾಗಿ ನೆಲೆಸಿದೆ. ತಾಲ್ಲೂಕು ಎಂಬ ಆಡಳಿತದ ಘಟಕವೇ ಜನರ ರಾಜಕೀಯ ಗುರುತಿನ ಘಟಕವಾಗಿಯೂ ಬೆಳೆದುದಕ್ಕೆ ಕಾರಣವನ್ನು ಆ ಮೊದಲ ಏರ್ಪಾಡಿನಲ್ಲಿಯೇ ಹುಡುಕಬೇಕು.

ಐವತ್ತು ವರ್ಷಗಳ ಕಮಿಷನರುಗಳ ಆಡಳಿತದ ನಂತರ 1881ರ ಮಾರ್ಚ್‌ನಲ್ಲಿ ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಹಿಂದಿರುಗಿದಾಗ, 1876ರಿಂದ 1878ರವರೆಗಿನ ದೊಡ್ಡ ಬರದ ಏಟಿನಿಂದ ನಾಡು ಇನ್ನೂ ಚೇತರಿಸಿಕೊಂಡಿರಲಿಲ್ಲ. ಬಯಲುಸೀಮೆಯ ತುಮಕೂರು ಜಿಲ್ಲೆ ಆ ಬರದಲ್ಲಿ ಬಹಳ ನರಳಿದ ಪ್ರದೇಶಗಳಲ್ಲಿ ಒಂದಾಗಿತ್ತು. ಹೊಸ ಆಡಳಿತದ ಮೊದಲ ದಿವಾನರಾದ ಸಿ. ರಂಗಾಚಾರ್ಲು ಅವರು ಅದೇ ವರ್ಷದ ಆಗಸ್ಟ್ 25ರ ಆದೇಶದಲ್ಲಿ, ಪ್ರತಿ ತಾಲ್ಲೂಕಿನಿಂದ ಒಬ್ಬರು ಅಥವಾ ಇಬ್ಬರು ರೈತರೂ ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಮುಖ್ಯ ವರ್ತಕರೂ ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರಿ ಸರ್ಕಾರದ ವರ್ಷದ ವರದಿಯನ್ನು ಕೇಳಬೇಕು, ತಮ್ಮ ಕುಂದುಕೊರತೆಗಳನ್ನು ತಿಳಿಸಬೇಕು ಎಂದು ಸೂಚಿಸಿದರು. 1881ರ ಅಕ್ಟೋಬರ್ 7ರಂದು 144 ಮಂದಿ ಸದಸ್ಯರೊಡನೆ ಕೂಡಿದ ಈ ಸಭೆಯೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ಭಾರತದ ಸಂಸ್ಥಾನಗಳಲ್ಲಿ ಇಂಥದು ಇದೇ ಮೊದಲನೆಯದು. ಸದಸ್ಯರನ್ನು ಜನ ಆರಿಸಿರಲಿಲ್ಲ. ಸ್ಥಳೀಯ ಮಂಡಳಿಗಳೂ ಅಧಿಕಾರಿಗಳೂ ಹೆಸರಿಸಿ ಕಳುಹಿಸಿದ್ದರು. ಸಭೆಗೆ ಮತ ಹಾಕುವ ಅಧಿಕಾರವಾಗಲಿ ಸರ್ಕಾರವನ್ನು ತಡೆಯುವ ಅಧಿಕಾರವಾಗಲಿ ಇರಲಿಲ್ಲ. ಹಾಗಿದ್ದರೂ, ಅಮಲ್ದಾರನ (ತಾಲ್ಲೂಕಿನ ಕಂದಾಯ ಅಧಿಕಾರಿಯ) ಕಚೇರಿಯ ಆಚೆಗೆ ತನ್ನ ಮಾತು ಮುಟ್ಟಬಹುದೆಂಬ ಎಣಿಕೆಯೇ ಇಲ್ಲದಿದ್ದ ರೈತನ ಪರವಾಗಿ ಒಬ್ಬನು ದಿವಾನರ ಎದುರಿಗೆ ಎದ್ದು ನಿಂತು ಮಾತನಾಡಿದ್ದು ಸಣ್ಣ ಸಂಗತಿಯಲ್ಲ.

ಆರಿಸುವ ಹಕ್ಕು ಬಂದದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. 1890ರಲ್ಲಿ ನಿಯಮಗಳು ರೂಪುಗೊಂಡು 1891ರಿಂದ ಚುನಾಯಿತ ಸದಸ್ಯರು ಸಭೆಗೆ ಬರತೊಡಗಿದರು. ಮತದಾರನಾಗಲು ಆಸ್ತಿ ಇರಬೇಕಾಗಿತ್ತು. ಸಾಮಾನ್ಯವಾಗಿ ವರ್ಷಕ್ಕೆ 100 ರೂಪಾಯಿಗೆ ಮೇಲ್ಪಟ್ಟು ಭೂಕಂದಾಯ ಕಟ್ಟುವವರು, ಗೊತ್ತುಪಡಿಸಿದ ಮೊತ್ತದ ಮೊಹತರ್ಫಾ (ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲಿನ ತೆರಿಗೆ) ಕೊಡುವವರು, ದೊಡ್ಡ ಇನಾಂ (ಕಂದಾಯದ ರಿಯಾಯಿತಿಯೊಡನೆ ಮಾನ್ಯವಾಗಿ ಬಂದ) ಗ್ರಾಮಗಳ ಒಡೆಯರು, ತಾಲ್ಲೂಕಿನಲ್ಲಿ ನೆಲೆಸಿದ ಪದವೀಧರರು ಮಾತ್ರ ಈ ಹಕ್ಕಿಗೆ ಅರ್ಹರಾಗಿದ್ದರು. ಕಂದಾಯದ ಮೊತ್ತವು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆಯಾಗುತ್ತಿತ್ತು. ಈ ನಿಯಮ ಮೇಲುನೋಟಕ್ಕೆ ಎಲ್ಲ ರೈತರಿಗೂ ಒಂದೇ ಎಂಬಂತೆ ಕಂಡರೂ ನೆಲದ ಮೇಲೆ ಹಾಗಿರಲಿಲ್ಲ. ಮಳೆಯನ್ನೇ ನಂಬಿದ ಖುಷ್ಕಿ ಜಮೀನಿಗೆ ಬಹುಪಾಲು ಕಡೆ ಎಕರೆಗೆ ಒಂದು ರೂಪಾಯಿಗೂ ಕಡಿಮೆ ಕಂದಾಯವಿತ್ತು. ಕೆರೆ ನೀರಿನ ತರಿ ಜಮೀನಿಗೆ ಅದಕ್ಕಿಂತ ಬಹಳ ಹೆಚ್ಚು. ತೆಂಗು ಅಡಕೆ ಬೆಳೆಯುವ ಬಾಗಾಯ್ತಿಗೆ, ಅಂದರೆ ತೋಟದ ಜಮೀನಿಗೆ, ಭಾರಿ ದರ. ಆದುದರಿಂದ ರಾಗಿ ಬೆಳೆಯುವ ಖುಷ್ಕಿಯವನು ನೂರಾರು ಎಕರೆಯ ಒಡೆಯನಾಗಿದ್ದರೆ ಮಾತ್ರ ಮತದಾರನಾಗಬಹುದಿತ್ತು. ತೋಟದವನು ಅದಕ್ಕಿಂತ ಎಷ್ಟೋ ಕಡಿಮೆ ನೆಲದಲ್ಲಿಯೇ ಆ ಅರ್ಹತೆಯನ್ನು ಮುಟ್ಟುತ್ತಿದ್ದನು. ಗುಬ್ಬಿ ಸೀಮೆಯ ಅಡಕೆ ತೆಂಗಿನ ತೋಟಗಳವರಿಗೂ, ಕುಣಿಗಲ್ ದೊಡ್ಡಕೆರೆಯಂಥ ಕೆರೆಗಳ ಅಚ್ಚುಕಟ್ಟಿನಲ್ಲಿ ಗದ್ದೆಯಿದ್ದವರಿಗೂ ದೊರೆತ ಧ್ವನಿ ಮಾನಾವರಿ ಹೊಲದವರಿಗೆ ದೊರೆಯದೆ ಹೋದದ್ದಕ್ಕೆ ಈ ಲೆಕ್ಕವೇ ಕಾರಣ. ಆ ಕಾಲದ ಮತಾಧಿಕಾರವು ಮನುಷ್ಯನಿಗಲ್ಲ, ನೀರು ಕಂಡ ನೆಲಕ್ಕೆ ಸಿಕ್ಕಿದ ಅಧಿಕಾರವಾಗಿತ್ತೆಂದು ಹೇಳಿದರೆ ತಪ್ಪಾಗದು.

ವರ್ತಕರ ಪಾಲೂ ಇದರಲ್ಲಿ ಸಣ್ಣದಾಗಿರಲಿಲ್ಲ. ಅಡಕೆ ಮತ್ತು ಕೊಬ್ಬರಿ ವ್ಯಾಪಾರಕ್ಕೆ ಹೆಸರಾಗಿದ್ದ ಗುಬ್ಬಿಯ ಪೇಟೆಗೆ ದೂರದ ಊರುಗಳ ವರ್ತಕರು ಬರುತ್ತಿದ್ದರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿನ ಮೇಲೆ ಗುಬ್ಬಿಯವರೆಗೆ ರೈಲುಹಾದಿ ಬಂದ ಮೇಲೆ ಆ ಪೇಟೆಯ ಬಲ ಇನ್ನಷ್ಟು ಹೆಚ್ಚಿತು. ಕಂದಾಯದ ಪುಸ್ತಕವೇ ಅರ್ಹತೆಯ ಆಧಾರವಾಗಿದ್ದುದರಿಂದ ಹಳ್ಳಿಯ ಲೆಕ್ಕ ಬರೆಯುವ ಶಾನುಭೋಗ ಮತ್ತು ಕಂದಾಯ ವಸೂಲು ಮಾಡುವ ಪಟೇಲ, ಇಬ್ಬರೂ ವಂಶಪಾರಂಪರ್ಯದ ಹುದ್ದೆಯವರು, ಸಹಜವಾಗಿಯೇ ಈ ಹೊಸ ರಾಜಕೀಯದ ಬಾಗಿಲಲ್ಲಿ ನಿಂತರು. ಯಾರ ಹೆಸರಿನಲ್ಲಿ ಖಾತೆಯಿದೆ, ಯಾರ ಬಾಕಿ ಉಳಿದಿದೆ ಎಂಬುದನ್ನು ಬಲ್ಲವನೇ ಯಾರು ಮತದಾರ ಎಂಬುದನ್ನೂ ಬಲ್ಲವನಾಗಿದ್ದನು.

ಪ್ರಜಾಪ್ರತಿನಿಧಿ ಸಭೆಯ ಕಲಾಪಗಳು ತಾಲ್ಲೂಕುವಾರು ಅಹವಾಲುಗಳ ಸುತ್ತ ಹೆಣೆದುಕೊಂಡಿದ್ದವು. ಒಡೆದ ಕೆರೆಯ ಏರಿ, ಕಾಡಿನ ಕಟ್ಟುಪಾಡು, ಗೋಮಾಳದ ಹುಲ್ಲು, ರಸ್ತೆ, ಶಾಲೆ, ಆಸ್ಪತ್ರೆ, ಕಂದಾಯ ವಸೂಲಿಯ ಕಂತು ಎಂಬಿವು ವರ್ಷ ವರ್ಷವೂ ಮರಳಿ ಬರುತ್ತಿದ್ದ ವಿಷಯಗಳು. ದಿವಾನರು ಅಥವಾ ಇಲಾಖೆಯ ಮುಖ್ಯಸ್ಥರು ಅವುಗಳಿಗೆ ಉತ್ತರ ಕೊಡುತ್ತಿದ್ದರು. ದಸರಾ ಅಧಿವೇಶನದ ಜೊತೆಗೆ, ಮಹಾರಾಜರ ವರ್ಧಂತಿಯ (ಹುಟ್ಟುಹಬ್ಬದ) ಹೊತ್ತಿನಲ್ಲಿ ಆಯವ್ಯಯವನ್ನು ಚರ್ಚಿಸುವ ಇನ್ನೊಂದು ಅಧಿವೇಶನವೂ ಮುಂದೆ ಸೇರಿಕೊಂಡಿತು. ಈ ಪದ್ಧತಿಯನ್ನು ಕೇವಲ ಅರಿಕೆಯ ಸಂಪ್ರದಾಯವೆಂದು ಕಡೆಗಣಿಸುವ ಚರಿತ್ರಕಾರರಿದ್ದಾರೆ. ಆದರೆ ಸರ್ಕಾರವು ಜನರಿಗೆ ಬಹಿರಂಗವಾಗಿ ಉತ್ತರ ಹೇಳಬೇಕೆಂಬ ನಿಯಮ ರೂಢಿಯಾದದ್ದು ಈ ಸಭೆಯಲ್ಲಿ ಎಂಬುದನ್ನು ಮರೆಯಲಾಗದು. ಅದರ ದೌರ್ಬಲ್ಯ ಬೇರೆ ಕಡೆ ಇತ್ತು: ಉತ್ತರ ಹೇಳುವವನನ್ನು ಬದಲಾಯಿಸುವ ಶಕ್ತಿ ಕೇಳುವವನಿಗೆ ಇರಲಿಲ್ಲ.

1907ರಲ್ಲಿ ಕಾನೂನುಗಳನ್ನು ಚರ್ಚಿಸುವುದಕ್ಕಾಗಿ ನ್ಯಾಯವಿಧಾಯಕ ಸಭೆ ಎಂಬ ಎರಡನೆಯ ಸಭೆ ಏರ್ಪಟ್ಟು, ಪ್ರಜಾಪ್ರತಿನಿಧಿ ಸಭೆಯಿಂದ ಕೆಲವರು ಅದಕ್ಕೆ ಆರಿಸಿ ಹೋಗುವ ಹಾದಿ ತೆರೆಯಿತು. ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳನ್ನು ಆಧರಿಸಿದ 1923ರ ಸುಧಾರಣೆಗಳು ಇದಕ್ಕಿಂತ ದೊಡ್ಡ ಹೆಜ್ಜೆಯಾಗಿದ್ದವು. ಅಲ್ಲಿಯವರೆಗೆ ಆದೇಶದ ಬಲದಿಂದ ನಡೆಯುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ದೊರೆಯಿತು; ಹೊಸ ತೆರಿಗೆ ಹಾಕುವ ಮೊದಲು ಅದರ ಅಭಿಪ್ರಾಯ ಕೇಳಬೇಕಾಯಿತು; ಮತದಾರನ ಆಸ್ತಿ ಅರ್ಹತೆ ಅರ್ಧಕ್ಕೆ ಇಳಿಯಿತು; ಹೆಂಗಸರೆಂಬ ಕಾರಣಕ್ಕೆ ಮತ ನಿರಾಕರಿಸುವುದು ನಿಂತಿತು. ಬ್ರಿಟನ್ನಿನಲ್ಲಿ ಗಂಡಸರಿಗೂ ಹೆಂಗಸರಿಗೂ ಸರಿಸಮನಾದ ಮತಾಧಿಕಾರ ಬಂದದ್ದು 1928ರಲ್ಲಿ ಎಂಬುದನ್ನು ನೆನೆದರೆ ಮೈಸೂರಿನ ಈ ಹೆಜ್ಜೆಯ ಕಾಲಮಾನ ತಿಳಿಯುತ್ತದೆ. ಆದರೆ ಆಸ್ತಿಯ ಷರತ್ತು ಉಳಿದೇ ಇದ್ದುದರಿಂದ, ಜಮೀನಿನ ಖಾತೆ ಗಂಡಸರ ಹೆಸರಿನಲ್ಲಿಯೇ ಇರುತ್ತಿದ್ದ ಈ ಸೀಮೆಯಲ್ಲಿ ಆ ಹಕ್ಕು ಬೆರಳೆಣಿಕೆಯ ಹೆಂಗಸರಿಗೆ ಮಾತ್ರ ದಕ್ಕುವಂಥದಾಗಿತ್ತು. ಉತ್ತು ಬಿತ್ತು ಕಳೆ ಕೀಳುವ ಕೈಗಳಿಗೆ, ಕೂಲಿಗಳಿಗೆ, ಗೇಣಿದಾರರಿಗೆ, ಊರ ಹೊರಗಿನ ಕೇರಿಗಳವರಿಗೆ ಬಾಗಿಲು ತೆರೆಯಲಿಲ್ಲ. ಇದೇ ದಶಕದಲ್ಲಿ, 1926ರ ಕಾನೂನಿನಿಂದ, ತಾಲ್ಲೂಕು ಬೋರ್ಡುಗಳು ರದ್ದಾಗಿ ಸ್ಥಳೀಯ ಆಡಳಿತವು ಜಿಲ್ಲಾ ಬೋರ್ಡು ಮತ್ತು ಗ್ರಾಮ ಪಂಚಾಯತಿಗಳ ನಡುವೆ ಹಂಚಿಹೋಯಿತು. ಮೈಸೂರಿನ ಸಭೆಯಲ್ಲಿ ತಾಲ್ಲೂಕಿಗೆ ಪ್ರತಿನಿಧಿಯಿದ್ದನು, ತಾಲ್ಲೂಕಿನಲ್ಲಿಯೇ ತಾಲ್ಲೂಕಿನ ಸಭೆ ಇಲ್ಲವಾಯಿತು. ಈ ವೈಚಿತ್ರ್ಯ ಮುಂದೆಯೂ ಮರುಕಳಿಸಿತು.

ಅಧಿಕಾರದ ಹಂಚಿಕೆಯ ಪ್ರಶ್ನೆ ಜಾತಿಯ ಪ್ರಶ್ನೆಯಾಗಿ ಮೇಲೆದ್ದದ್ದು 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿದಾಗ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂಬ ಅದರ ಒತ್ತಾಯದಿಂದ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾಗಿ 1919ರಲ್ಲಿ ವರದಿ ಕೊಟ್ಟಿತು. ಒಕ್ಕಲಿಗರೂ ಲಿಂಗಾಯತರೂ ಸಂಖ್ಯೆಯಲ್ಲಿ ಬಲವಾಗಿದ್ದ ತುಮಕೂರು ಜಿಲ್ಲೆಯಂಥ ಕಡೆ ಈ ಚಳವಳಿಯ ಫಲವನ್ನು ಉಂಡವರು ಭೂಮಿಯಿದ್ದ ಸಮುದಾಯಗಳ ಓದಿದ ಮಕ್ಕಳು. ಅವರ ಓದಿಗೆ ಆಸರೆಯಾದದ್ದು ತುಮಕೂರು ಪಟ್ಟಣ ಮತ್ತು ಅದರ ಸುತ್ತಲಿನ ವಿದ್ಯಾರ್ಥಿನಿಲಯಗಳು. ಅವುಗಳಲ್ಲಿ ಸಿದ್ಧಗಂಗಾ ಮಠದ ಉಚಿತ ಊಟ ವಸತಿಯ ನಿಲಯವು, 1941ರಿಂದ 2019ರವರೆಗೆ ಮಠವನ್ನು ನಡೆಸಿದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ, ಜಾತಿಯ ಗೆರೆಯನ್ನು ಮೀರಿ ಬಡಮಕ್ಕಳನ್ನು ಸೇರಿಸಿಕೊಂಡಿತು. ಬ್ರಾಹ್ಮಣೇತರ ಪಕ್ಷಗಳು ಒಂದಾಗಿ ರೂಪುಗೊಂಡಿದ್ದ ಪ್ರಜಾಸಂಯುಕ್ತ ಪಕ್ಷವು 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಲೀನವಾದಾಗ ಪಟ್ಟಣದ ವಕೀಲರ ರಾಜಕೀಯಕ್ಕೆ ಹಳ್ಳಿಯ ಬಲ ಕೂಡಿಕೊಂಡಿತು. ಮರುವರ್ಷವೇ, ಕಾಂಗ್ರೆಸ್ ಧ್ವಜ ಹಾರಿಸುವ ಹಕ್ಕಿಗಾಗಿ ಶಿವಪುರದ ಧ್ವಜ ಸತ್ಯಾಗ್ರಹವೂ, ಅದೇ ಹೋರಾಟದಲ್ಲಿ ಸೇರಿದ ಜನರ ಮೇಲೆ ವಿದುರಾಶ್ವತ್ಥದ ಗೋಲಿಬಾರೂ ನಡೆದವು. 1940ರ ಶಾಸನವು ಪ್ರಜಾಪ್ರತಿನಿಧಿ ಸಭೆಯನ್ನು 310 ಸ್ಥಾನಗಳಿಗೂ ನ್ಯಾಯವಿಧಾಯಕ ಸಭೆಯನ್ನು 68 ಸ್ಥಾನಗಳಿಗೂ ಹಿಗ್ಗಿಸಿತಾದರೂ ದಿವಾನರ ಸರ್ಕಾರ ಸಭೆಗೆ ಬಾಧ್ಯವಾಗಲಿಲ್ಲ. ಜವಾಬ್ದಾರಿ ಸರ್ಕಾರ, ಅಂದರೆ ಚುನಾಯಿತ ಸಭೆಗೆ ಉತ್ತರ ಕೊಡಬೇಕಾದ ಸರ್ಕಾರ, 1947ರ ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿಯ ನಂತರವೇ, ಆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದ ರೂಪದಲ್ಲಿ ಬಂದಿತು. ದಲಿತ ಸಮುದಾಯದಿಂದ ಬಂದ, ತುಮಕೂರು ಜಿಲ್ಲೆಯ ಆರ್. ಚನ್ನಿಗರಾಮಯ್ಯನವರು ಆ ಮೊದಲ ಮಂತ್ರಿಮಂಡಲದಲ್ಲಿದ್ದರು. ಹತ್ತು ವರ್ಷಗಳ ಹಿಂದೆ ಕಂದಾಯದ ಪುಸ್ತಕದಲ್ಲಿ ಹೆಸರೇ ಇರದಿದ್ದ ಜನರ ಪ್ರತಿನಿಧಿಯೊಬ್ಬರು ಮಂತ್ರಿಯಾದದ್ದು ಈ ಸೀಮೆಯ ರಾಜಕೀಯ ಚರಿತ್ರೆಯ ಅತಿ ಮುಖ್ಯ ಘಟನೆಗಳಲ್ಲಿ ಒಂದು. ಅದಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ವಿಸರ್ಜನೆಯಾಯಿತು. 1952ರ ಚುನಾವಣೆಯಲ್ಲಿ 21 ವರ್ಷ ತುಂಬಿದ ಪ್ರತಿಯೊಬ್ಬರೂ, ಖಾತೆಯಿರಲಿ ಇಲ್ಲದಿರಲಿ, ಮತದಾರರಾದರು. ಓದುಬರಹವಿಲ್ಲದವರಿಗಾಗಿ ಚಿಹ್ನೆಗಳು ಬಂದವು: ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಆಗ ಚೀಟಿಯ ಮೇಲೆ ಗುರುತು ಹಾಕುವ ಪದ್ಧತಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಯಿದ್ದು, ಮತದಾರರು ತಮಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರುತ್ತಿದ್ದರು. ಕೆಲವು ಕಡೆ ದ್ವಿಸದಸ್ಯ ಕ್ಷೇತ್ರಗಳಿದ್ದು, ಒಂದೇ ಕ್ಷೇತ್ರದಿಂದ ಸಾಮಾನ್ಯ ಸ್ಥಾನಕ್ಕೊಬ್ಬರು, ಮೀಸಲು ಸ್ಥಾನಕ್ಕೊಬ್ಬರು ಆರಿಸಿ ಬರುತ್ತಿದ್ದರು. 1961ರಲ್ಲಿ ಈ ಪದ್ಧತಿ ರದ್ದಾಯಿತು. 1952ರಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ ಗೆದ್ದು ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. 

ಮತ ಎಲ್ಲರಿಗೂ ಬಂದರೂ ಹಳ್ಳಿಯ ಅಧಿಕಾರ ಅದೇ ದಿನ ಕೈಬದಲಾಯಿಸಲಿಲ್ಲ. ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ರ ಗ್ರಾಮಾಧಿಕಾರಿ ಹುದ್ದೆಗಳ ರದ್ದತಿ ಕಾಯ್ದೆ ಬರುವವರೆಗೂ ಉಳಿದವು. ಅದು ಜಾರಿಯಾದ ಮೇಲೆ ಸಂಬಳದ ಗ್ರಾಮಲೆಕ್ಕಿಗ ಬಂದನು. ಗೇಣಿದಾರನು ಒಡೆಯನ ಇಷ್ಟಕ್ಕೆ ವಿರುದ್ಧವಾಗಿ ಮತ ಹಾಕುವ ಧೈರ್ಯ ಮಾಡಬೇಕಾದರೆ ನೆಲದ ಮೇಲಿನ ಅವನ ಹಕ್ಕು ಗಟ್ಟಿಯಾಗಬೇಕಿತ್ತು. ಅದಕ್ಕೆ 1972ರಲ್ಲಿ ಭಾರಿ ಬಹುಮತದಿಂದ ಬಂದ ಡಿ. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ತಂದ ಭೂಸುಧಾರಣಾ ತಿದ್ದುಪಡಿ ಬೇಕಾಯಿತು. 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗವು ಸಣ್ಣ ಸಣ್ಣ ಹಿಂದುಳಿದ ಜಾತಿಗಳನ್ನು ಲೆಕ್ಕಕ್ಕೆ ತಂದಿತು. 1952ರ ಕ್ರಾಂತಿ ಪೂರ್ಣವಾದದ್ದು ಈ ದಶಕದಲ್ಲಿ ಎನ್ನುವುದು ನ್ಯಾಯವಾದ ಮಾತು.

ಲೋಕಸಭೆಗೆ ತುಮಕೂರು ಆರಿಸಿದವರ ಪಟ್ಟಿಯನ್ನು ಗಮನಿಸಿದರೆ ಮತದಾರರು ಪಕ್ಷಕ್ಕಿಂತ ವ್ಯಕ್ತಿಯನ್ನು ಹಿಡಿದು ನಡೆದದ್ದು ಕಾಣುತ್ತದೆ. ಕೆ. ಲಕ್ಕಪ್ಪನವರು 1967ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದಲೂ ಮುಂದಿನ ಮೂರು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನಿಂದಲೂ ಗೆದ್ದರು. ಜಿ.ಎಸ್. ಬಸವರಾಜು ಅವರು 1984ರಿಂದ ಕಾಂಗ್ರೆಸ್ಸಿನಲ್ಲಿದ್ದು ಮೂರು ಬಾರಿ ಗೆದ್ದ ನಂತರ 2009ರಲ್ಲಿ ಬಿಜೆಪಿಯಿಂದ ಗೆದ್ದರು. 1991ರಲ್ಲಿ ಬಿಜೆಪಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಗೆದ್ದ ನಾಲ್ಕು ಲೋಕಸಭಾ ಸ್ಥಾನಗಳಲ್ಲಿ ಒಂದು ತುಮಕೂರು. ಇಲ್ಲಿಂದ ಹೋದ ಎಸ್. ಮಲ್ಲಿಕಾರ್ಜುನಯ್ಯನವರು ಲೋಕಸಭೆಯ ಉಪಸಭಾಧ್ಯಕ್ಷರಾದರು. ಗುಬ್ಬಿ ವಿಧಾನಸಭಾ ಕ್ಷೇತ್ರದಲ್ಲಿ ಎಸ್.ಆರ್. ಶ್ರೀನಿವಾಸ್ ಅವರು 2004ರಿಂದ 2023ರವರೆಗೆ ಸತತ ಐದು ಚುನಾವಣೆಗಳನ್ನು ಪಕ್ಷೇತರರಾಗಿ, ಜೆಡಿಎಸ್‌ನಿಂದ, ಕೊನೆಗೆ ಕಾಂಗ್ರೆಸ್ಸಿನಿಂದ ಗೆದ್ದರು. ಇದನ್ನು ಪಕ್ಷನಿಷ್ಠೆಯ ಕೊರತೆಯೆಂದು ಮಾತ್ರ ತಿಳಿಯುವುದು ಅವಸರದ ತೀರ್ಪು. ತಾಲ್ಲೂಕಿನ ಅಹವಾಲನ್ನು ಹೊತ್ತು ಒಯ್ಯುವವನು ಬೇಕು, ಅವನು ಯಾವ ಬಾಗಿಲಿನಿಂದ ಒಳಗೆ ಹೋದರೂ ಸರಿ ಎಂಬ 1881ರ ನಿರೀಕ್ಷೆ ಇಲ್ಲಿ ಇನ್ನೂ ಕೆಲಸ ಮಾಡುತ್ತಿದೆ.

ಹೇಮಾವತಿ ನೀರಿನ ಪ್ರಶ್ನೆ ಈ ನಿರೀಕ್ಷೆಗೆ ಎದುರಾದ ದೊಡ್ಡ ಪರೀಕ್ಷೆ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಬರುವ ತುಮಕೂರು ಶಾಖಾ ನಾಲೆಯ ಮೇಲೆ ಗುಬ್ಬಿ, ತುಮಕೂರುಗಳ ಕೆರೆಗಳೂ ಕುಡಿಯುವ ನೀರೂ ನಿಂತಿವೆ. ನಾಲೆಯ ಕೊನೆಯಂಚಿನಲ್ಲಿರುವ ಕುಣಿಗಲ್ಲಿಗೆ ತನ್ನ ಪಾಲು ಪೂರ್ತಿ ಮುಟ್ಟುವುದಿಲ್ಲವೆಂಬುದು ಹಳೆಯ ದೂರು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು 2019ರಲ್ಲಿ ತುಮಕೂರಿನಿಂದ ಸ್ಪರ್ಧಿಸಿ ಬಸವರಾಜು ಅವರ ಎದುರು 13,339 ಮತಗಳಿಂದ ಸೋತಾಗ ಪ್ರಚಾರದ ಉದ್ದಕ್ಕೂ ಕೇಳಿಬಂದದ್ದು ಇದೇ ನೀರಿನ ಮಾತು. ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ಲಿಗೆ ನೇರವಾಗಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯ ವಿರುದ್ಧ ಗುಬ್ಬಿ, ತುಮಕೂರು ಭಾಗದ ರೈತರು ಬೀದಿಗಿಳಿದು 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆ ಹೊರಡಿಸುವ ಸ್ಥಿತಿ ಬಂದಿತು. ಎರಡೂ ಕಡೆಯ ರೈತರ ಬೇಡಿಕೆ ನ್ಯಾಯವಾದದ್ದೇ. ಆದರೆ ಅವರು ಕೂತು ಮಾತನಾಡಬಹುದಾದ ಚುನಾಯಿತ ವೇದಿಕೆಗಳು ಒಂದೊಂದಾಗಿ ಮುರಿದುಬಿದ್ದಿವೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ, ಅಂದರೆ ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳ ಗಡಿಗಳನ್ನು ಮತ್ತೆ ಗುರುತಿಸುವ ಕೆಲಸ, ತುಮಕೂರು ಜಿಲ್ಲೆಯ 13 ವಿಧಾನಸಭಾ ಕ್ಷೇತ್ರಗಳನ್ನು 11ಕ್ಕೆ ಇಳಿಸಿತು. ಹುಲಿಯೂರುದುರ್ಗ, ಬೆಳ್ಳಾವಿ, ಕಳ್ಳಂಬೆಳ್ಳ ಅಳಿದು ತುಮಕೂರು ಗ್ರಾಮಾಂತರ ಹುಟ್ಟಿತು. ಜಿಲ್ಲೆಯೂ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಯಿತು: ಶಿರಾ, ಪಾವಗಡ ಚಿತ್ರದುರ್ಗಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ, ಗುಬ್ಬಿ ಮತ್ತು ತುಮಕೂರು ನಗರ ಸೇರಿದಂತೆ ಉಳಿದ ಎಂಟು ತುಮಕೂರಿಗೆ. ಒಂದೇ ನಾಲೆಯ ನೀರು ಕುಡಿಯುವ ಗುಬ್ಬಿಯವರೂ ಕುಣಿಗಲ್ಲಿನವರೂ ಅಂದಿನಿಂದ ಬೇರೆ ಬೇರೆ ಸಂಸದರ ಮತದಾರರು.

ತಾಲ್ಲೂಕಿನ ಮಟ್ಟದ ಚುನಾಯಿತ ಸಂಸ್ಥೆಯ ಕತೆ ಏಳುಬೀಳಿನದು. 1926ರಲ್ಲಿ ಅಳಿದ ತಾಲ್ಲೂಕು ಬೋರ್ಡು 1959ರ ಕಾಯ್ದೆಯಿಂದ ತಾಲ್ಲೂಕು ಅಭಿವೃದ್ಧಿ ಮಂಡಳಿಯಾಗಿ, ಜನರು ನೇರವಾಗಿ ಆರಿಸುವ ಸಂಸ್ಥೆಯಾಗಿ, ಮರಳಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳು ಬಂದಾಗ, ಅಧಿಕಾರವನ್ನು ಹಳ್ಳಿಗೆ ಇಳಿಸಿದ ಅಂಥ ಒಳ್ಳೆಯ ಕಾಯ್ದೆಯೂ ತಾಲ್ಲೂಕಿನ ನೇರ ಚುನಾವಣೆಯನ್ನು ಕೈಬಿಟ್ಟಿತು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ತಾಲ್ಲೂಕು ಪಂಚಾಯತಿಯ ರೂಪದಲ್ಲಿ ಮತ್ತೆ ಕೊಟ್ಟಿತು. ಮುಂದೆ ಹೆಂಗಸರ ಮೀಸಲು ಅರ್ಧಕ್ಕೆ ಏರಿತು. ಆಸ್ತಿಯ ಷರತ್ತಿನಿಂದಾಗಿ 1923ರಲ್ಲಿ ಹೆಸರಿಗಷ್ಟೇ ಇದ್ದ ಹಕ್ಕು ತಾಲ್ಲೂಕಿನ ಸಭೆಯಲ್ಲಿ ನಿಜವಾದ ಆಸನವಾದದ್ದು ಹೀಗೆ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2016ರಲ್ಲಿ. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಸರ್ಕಾರ ಕಾಯ್ದೆಯನ್ನು ತಿದ್ದಿ, ಕ್ಷೇತ್ರಗಳನ್ನು ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. 2025 ಬಂದರೂ ಚುನಾವಣೆ ನಡೆಯದೆ, ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕು ಪಂಚಾಯತಿಗಳನ್ನು ಆಡಳಿತಾಧಿಕಾರಿಗಳೇ ನಡೆಸುತ್ತಿದ್ದರು.